ಬೆಂಜಮಿನ್ ಬ್ಯಾನೆಕರ್: ನಕ್ಷತ್ರ ನೋಡಿ ರಾಜಧಾನಿಯ ಗಡಿ ಅಳೆದ ಕಪ್ಪು ಮನುಷ್ಯ



ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಹಾಸ್ಟೆಲ್‌ಗಳಲ್ಲಿ, ಕೇರಿಯ ಅಂಬೇಡ್ಕರ್ ಭವನಗಳಲ್ಲಿ ಮಕ್ಕಳನ್ನ ಕೂರಿಸಿಕೊಂಡು ಕಥೆ ಹೇಳೋರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ನಿಮಗೆ ಉಪಯೋಗ ಆಗ್ಲಿ ಅಂತ ಮಕ್ಕಳಿಗೆ ಅರ್ಥವಾಗೋ ಹಾಗೆ ಬರೆದಿದ್ದೀನಿ.

ಅಮೆರಿಕದ ಬೆಂಜಮಿನ್ ಬ್ಯಾನೆಕರ್ ಬಗ್ಗೆ ಒಂದು ಕಥೆ ನಮ್ಮ ಗುಂಪುಗಳಲ್ಲಿ ಆಗಾಗ ಓಡಾಡುತ್ತೆ. ವಾಷಿಂಗ್ಟನ್ ನಗರದ ನಕ್ಷೆ ಬರೆದ ಫ್ರೆಂಚ್ ಎಂಜಿನಿಯರ್ ಜಗಳ ಮಾಡಿಕೊಂಡು ನಕ್ಷೆಯನ್ನೆಲ್ಲ ಸುತ್ತಿಕೊಂಡು ಹೊರಟುಹೋದನಂತೆ. ಆಗ ಬ್ಯಾನೆಕರ್ ಎಂಬ ಕಪ್ಪು ಮನುಷ್ಯ ಎರಡೇ ದಿನದಲ್ಲಿ ಇಡೀ ನಗರದ ನಕ್ಷೆಯನ್ನ ನೆನಪಿನಿಂದ ಬರೆದು ಕೊಟ್ಟನಂತೆ. ಕೇಳೋಕೆ ಚೆನ್ನಾಗಿದೆ, ಮಕ್ಕಳ ಕಣ್ಣು ಅರಳುತ್ತೆ. ಆದರೆ ಹಾಗೆ ನಡೆದಿಲ್ಲ. ನಿಜವಾಗಿ ನಡೆದದ್ದು ಏನು, ಅದನ್ನೇ ಯಾಕೆ ಮಕ್ಕಳಿಗೆ ಹೇಳಬೇಕು ಅನ್ನೋದು ಈ ಬರಹ.

ಅಮೆರಿಕದ ಕಥೆ ನಮಗ್ಯಾಕೆ ಅಂತ ಯಾರಾದ್ರೂ ಕೇಳಿದ್ರೆ, 1873ರಲ್ಲಿ ಮಹಾತ್ಮ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನ ಯಾರಿಗೆ ಅರ್ಪಿಸಿದರು ಅಂತ ನೆನಪು ಮಾಡಿ. ಕಪ್ಪು ಜನರ ಗುಲಾಮಗಿರಿ ಅಳಿಸೋಕೆ ದುಡಿದ ಅಮೆರಿಕದ ಜನರಿಗೆ. ಆ ನಂಟು ಇವತ್ತು ನಿನ್ನೆಯದಲ್ಲ.

*ಆರು ವರ್ಷದ ಹುಡುಗನ ಹೆಸರಿನ ಜಮೀನು*

ಬೆಂಜಮಿನ್ ಹುಟ್ಟಿದ್ದು 1731ರ ನವೆಂಬರ್ 9ರಂದು, ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿಯಲ್ಲಿ. ಆಗ ಅಮೆರಿಕ ಅನ್ನೋ ದೇಶ ಇನ್ನೂ ಆಗಿರಲಿಲ್ಲ, ಅದು ಬ್ರಿಟಿಷರ ವಸಾಹತು. ತಂದೆ ರಾಬರ್ಟ್ ಗುಲಾಮನಾಗಿದ್ದು ಆಮೇಲೆ ಬಿಡುಗಡೆ ಆದವನು. ತಾಯಿ ಮೇರಿ ಸ್ವತಂತ್ರ ಹೆಂಗಸು. ಇದು ಮುಖ್ಯ, ಯಾಕಂದ್ರೆ ಅಲ್ಲಿನ ಪದ್ಧತಿಯಲ್ಲಿ ತಾಯಿ ಗುಲಾಮಳಾಗಿದ್ದರೆ ಮಗು ಹುಟ್ಟಿದ ಗಳಿಗೆಯಿಂದಲೇ ಇನ್ನೊಬ್ಬರ ಆಸ್ತಿ. ಹುಟ್ಟೇ ಎಲ್ಲವನ್ನೂ ತೀರ್ಮಾನ ಮಾಡ್ತಿತ್ತು. ಇದನ್ನ ನಮ್ಮ ಮಕ್ಕಳಿಗೆ ಹೆಚ್ಚು ವಿವರಿಸೋದು ಬೇಕಾಗಲ್ಲ.

1737ರಲ್ಲಿ ರಾಬರ್ಟ್ 100 ಎಕರೆ ಜಮೀನು ಕೊಂಡ. ಬೆಲೆ 7000 ಪೌಂಡ್ ಹೊಗೆಸೊಪ್ಪು, ಅಂದ್ರೆ ಮೂರು ಟನ್‌ಗಿಂತ ಜಾಸ್ತಿ. ಆ ಸೀಮೆಯಲ್ಲಿ ಹೊಗೆಸೊಪ್ಪೇ ಹಣದ ಥರ ನಡೀತಿತ್ತು. ಕ್ರಯಪತ್ರದಲ್ಲಿ ಎರಡು ಹೆಸರು ಬರೆಸಿದ್ದ, ತನ್ನದು ಮತ್ತು ಮಗ ಬೆಂಜಮಿನ್‌ದು. ಮಗನಿಗೆ ಆಗ ಇನ್ನೂ ಆರು ವರ್ಷ ತುಂಬಿರಲಿಲ್ಲ.

ಅಪ್ಪ ಯಾಕೆ ಹಾಗೆ ಮಾಡಿದ ಅಂತ ಜಮೀನು ಕಳ್ಕೊಂಡ ನಮ್ಮ ಯಾವ ಮನೆಗೂ ಬಿಡಿಸಿ ಹೇಳಬೇಕಿಲ್ಲ. ಕಾಗದದಲ್ಲಿ ಹೆಸರಿಲ್ಲದವನ ಜಮೀನು ಅಪ್ಪ ಕಣ್ಣು ಮುಚ್ಚಿದ ಮಾರನೇ ದಿನವೇ ಯಾರದೋ ಆಗಿಬಿಡುತ್ತೆ. ಮಂಜೂರಾದ ಜಮೀನು ದಲಿತರ ಕೈಜಾರಿ ಹೋಗ್ತಿದೆ ಅಂತಲೇ ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಬರಬೇಕಾಯ್ತು. ಅದಕ್ಕೂ 241 ವರ್ಷ ಮೊದಲು, ಓದು ಬಾರದ ಒಂದು ಸಮುದಾಯದ ಅಪ್ಪನಿಗೆ ಕಾಗದದ ಬೆಲೆ ಗೊತ್ತಿತ್ತು.

ಬ್ಯಾನೆಕರ್ ಕಥೆಯನ್ನ ಪ್ರತಿಭೆಯಿಂದ ಶುರು ಮಾಡೋರೇ ಹೆಚ್ಚು. ನಾನು ಈ ಕ್ರಯಪತ್ರದಿಂದ ಶುರು ಮಾಡ್ತೀನಿ. ಸ್ವಂತ ಹೊಲ ಇದ್ದದ್ದಕ್ಕೆ ಆ ಹುಡುಗ ಯಾರ ಜೀತವನ್ನೂ ಮಾಡಲಿಲ್ಲ. ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ಸಂಜೆ ಅವನದೇ ಆಗಿತ್ತು, ರಾತ್ರಿ ಅವನದೇ ಆಗಿತ್ತು. ಮುಂದೆ ಅವನು ಕಲಿತದ್ದೆಲ್ಲ ಆ ರಾತ್ರಿಗಳಲ್ಲೇ.

*ಮರದ ಗಡಿಯಾರ*

ಬೆಂಜಮಿನ್ ಶಾಲೆಗೆ ಹೋಗಿದ್ದು ಸ್ವಲ್ಪವೇ ಕಾಲ. ಹೊಲದ ಕೆಲಸಕ್ಕೆ ಆಳು ಬೇಕಾದಾಗ ಅದೂ ನಿಂತಿತು. ಆದರೆ ಲೆಕ್ಕದ ಹುಚ್ಚು ಬಿಡಲಿಲ್ಲ. ಸುಮಾರು 1753ರಲ್ಲಿ, 22 ವರ್ಷದ ಹೊತ್ತಿಗೆ, ಮರದಲ್ಲಿ ಒಂದು ಗಡಿಯಾರ ಮಾಡಿದರು. ಹಲ್ಲಿನ ಚಕ್ರಗಳನ್ನೆಲ್ಲ ಮರದಲ್ಲೇ ಕೆತ್ತಿದ್ದರು. ಗಂಟೆಗೊಂದು ಸಲ ಅದು ಬಾರಿಸುತ್ತಿತ್ತು.

ಮಕ್ಕಳಿಗೆ ಇದನ್ನ ಹೀಗೆ ಹೇಳಿ. ಸೈಕಲ್ಲಿನ ದೊಡ್ಡ ಚಕ್ರದ ಹಲ್ಲು, ಹಿಂದಿನ ಚಿಕ್ಕ ಚಕ್ರದ ಹಲ್ಲು ಎಣಿಸೋಕೆ ಹೇಳಿ. ದೊಡ್ಡದು ಒಂದು ಸುತ್ತು ಬಂದ್ರೆ ಚಿಕ್ಕದು ಎಷ್ಟು ಸುತ್ತು ಬರುತ್ತೆ? ಗಡಿಯಾರದಲ್ಲೂ ಅದೇ ಲೆಕ್ಕ. ನಿಮಿಷದ ಮುಳ್ಳು 12 ಸುತ್ತು ಬಂದಾಗ ಗಂಟೆಯ ಮುಳ್ಳು ಸರಿಯಾಗಿ ಒಂದೇ ಸುತ್ತು ಬರಬೇಕು. ಒಂದು ಹಲ್ಲು ತಪ್ಪಿದರೆ ದಿನವೇ ತಪ್ಪುತ್ತೆ. ಆ ಗಡಿಯಾರ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಮನೆಯಲ್ಲಿತ್ತು.

*ಎರವಲು ಪುಸ್ತಕ*

1770ರ ದಶಕದ ಶುರುವಿನಲ್ಲಿ ಎಲಿಕಾಟ್ ಎಂಬ ಬಿಳಿಯ ಕುಟುಂಬ ಪೆನ್ಸಿಲ್ವೇನಿಯದಿಂದ ಬಂದು ಬ್ಯಾನೆಕರ್ ಹೊಲದ ಹತ್ತಿರ, ಪಟಾಪ್ಸ್ಕೊ ಹೊಳೆಯ ದಂಡೆಯಲ್ಲಿ ಹಿಟ್ಟಿನ ಗಿರಣಿ ಹಾಕಿತು. ಅವರು ಕ್ವೇಕರ್ ಪಂಥದವರು. ಗುಲಾಮಗಿರಿ ತಪ್ಪು ಅನ್ನೋ ಮಾತು ಆ ಕಾಲದಲ್ಲಿ ಬಲವಾಗಿ ಎದ್ದ ಪಂಥಗಳಲ್ಲಿ ಅದೂ ಒಂದು. ಆ ಮನೆಯ ಜಾರ್ಜ್ ಎಲಿಕಾಟ್‌ಗೂ ಬ್ಯಾನೆಕರ್‌ಗೂ ಸ್ನೇಹವಾಯ್ತು. 1788ರ ಹೊತ್ತಿಗೆ ಜಾರ್ಜ್ ಕೆಲವು ಖಗೋಳಶಾಸ್ತ್ರದ ಪುಸ್ತಕಗಳನ್ನ, ದುರ್ಬೀನನ್ನ, ಇನ್ನೂ ಒಂದಷ್ಟು ಉಪಕರಣಗಳನ್ನ ಎರವಲು ಕೊಟ್ಟರು.

ಆಗ ಬ್ಯಾನೆಕರ್ ವಯಸ್ಸು 57. ನಮ್ಮಲ್ಲಿ ಪಿಂಚಣಿ ಲೆಕ್ಕ ಹಾಕೋ ವಯಸ್ಸು. ಅವರು ರಾತ್ರಿಯೆಲ್ಲ ಆಕಾಶ ನೋಡುತ್ತಾ, ಪುಸ್ತಕದ ಕೋಷ್ಟಕಗಳನ್ನ ತಾವೇ ಅರ್ಥ ಮಾಡಿಕೊಳ್ಳುತ್ತಾ ಕೂತರು. ಪಾಠ ಹೇಳೋ ಮೇಷ್ಟ್ರು ಇರಲಿಲ್ಲ. ಸ್ವಲ್ಪ ಕಾಲದಲ್ಲೇ ಗ್ರಹಣ ಯಾವಾಗ ಆಗುತ್ತೆ ಅಂತ ಲೆಕ್ಕ ಹಾಕೋ ಮಟ್ಟಕ್ಕೆ ಬಂದರು.

*ಸರ್ವೆಯರ್ ಅಂದ್ರೆ ಯಾರು?*

ಮುಂದಿನ ಭಾಗಕ್ಕೆ ಹೋಗೋ ಮೊದಲು ಮಕ್ಕಳಿಗೆ ಒಂದು ವಿಷಯ ಗೊತ್ತಿರಬೇಕು. ಜಮೀನು ಅಳೆಯೋನು ಸರ್ವೆಯರ್. ಆ ಕಾಲದ ಅಮೆರಿಕದಲ್ಲಿ ಅವರ ಕೈಯಲ್ಲಿ ಇರ್ತಿದ್ದದ್ದು ದಿಕ್ಸೂಚಿ ಮತ್ತು ಗುಂಟರ್ ಚೈನು. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ರೂಪಿಸಿದ ಈ ಸರಪಳಿಯ ಉದ್ದ 66 ಅಡಿ, ಕೊಂಡಿ 100. ಇಂಥ 80 ಸರಪಳಿ ಹಾಸಿದರೆ ಒಂದು ಮೈಲಿ.

ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ ಅಂತ ಬರೀತಾರಲ್ವಾ? ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. 66ರ ಸರಿಯಾಗಿ ಅರ್ಧ. 40 ಗುಂಟೆಗೆ ಒಂದು ಎಕರೆ. ಅಲ್ಲಿ ಎಳೆದ ಸರಪಳಿಗೂ ನಮ್ಮ ಹೊಲದಲ್ಲಿ ಎಳೆದ ಸರಪಳಿಗೂ ಅಳತೆ ಒಂದೇ ಮೂಲದ್ದು. ಎರಡೂ ಕಡೆ ಅದನ್ನ ತಂದವರು ಬ್ರಿಟಿಷರು.

ಸರಪಳಿ ಯಾರ ಕೈಯಲ್ಲಿತ್ತು ಅನ್ನೋದೇ ಆ ದೇಶದ ಚರಿತ್ರೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1749ರಲ್ಲಿ, 17ನೇ ವಯಸ್ಸಿಗೇ, ವರ್ಜೀನಿಯದ ಕಲ್‌ಪೆಪರ್ ಕೌಂಟಿಯ ಸರ್ವೆಯರ್ ಆಗಿದ್ದವನು. ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್‌ನ ಅಪ್ಪ ಪೀಟರ್ ಜೆಫರ್ಸನ್ ಕೂಡ ಸರ್ವೆಯರ್. ವರ್ಜೀನಿಯದ ಹೆಸರಾಂತ ನಕ್ಷೆಯನ್ನ 1751ರಲ್ಲಿ ಜೋಶುವಾ ಫ್ರೈ ಜೊತೆ ಸೇರಿ ಬರೆದವನು. ಅಳೆಯೋಕೆ ಹೋದವರಿಗೆ ಒಳ್ಳೆ ಭೂಮಿ ಎಲ್ಲಿದೆ ಅಂತ ಮೊದಲು ಕಾಣ್ತಿತ್ತು, ಅವರೇ ಕೊಂಡುಕೊಳ್ತಿದ್ರು. ಹೀಗೆ ಅಳೆದು ಹಂಚಿಕೊಂಡ ಭೂಮಿಯಲ್ಲಿ ಮೊದಲಿನಿಂದ ಬದುಕಿದ್ದ ಮೂಲನಿವಾಸಿಗಳ ಹೆಸರು ಯಾವ ಕ್ರಯಪತ್ರದಲ್ಲೂ ಇರಲಿಲ್ಲ.

ನಮ್ಮ ಕಡೆ ಇದು ಇನ್ನೊಂದು ಥರ ನಡೀತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊರ ಗಡಿಯ ವ್ಯಾಜ್ಯ ಎದ್ದಾಗ ಹೊಲೆಯರ ಕುಳವಾಡಿ ತೋರಿಸಿದ್ದೇ ಗಡಿ, ಅವನ ಮಾತೇ ಕೊನೆ ಅಂತ 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಗಡಿ ಗೊತ್ತಿದ್ದ ಕುಳವಾಡಿಗೆ ಆ ಗಡಿಯೊಳಗೆ ಎಷ್ಟು ಗುಂಟೆ ಇತ್ತು ಅಂತ ಬೇರೆ ಹೇಳಬೇಕಾ?

ಸರಪಳಿಯ ಕೆಲಸ ಬಿಳಿಯರದು ಅಂತಲೇ ಇದ್ದ ಅಂಥ ಅಮೆರಿಕದಲ್ಲಿ, ಹೊಸ ರಾಜಧಾನಿಯ ಗಡಿ ಗುರುತು ಮಾಡೋ ತಂಡಕ್ಕೆ ಒಬ್ಬ ಕಪ್ಪು ರೈತನನ್ನ ಕರೆದರು.

*ಜೋನ್ಸ್ ಪಾಯಿಂಟ್‌ನ ಡೇರೆ*

1790ರಲ್ಲಿ ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ರಾಜಧಾನಿ ಕಟ್ಟಬೇಕು ಅಂತ ಕಾನೂನಾಯ್ತು. ಮೇರಿಲ್ಯಾಂಡ್ ಮತ್ತು ವರ್ಜೀನಿಯದ ಭೂಮಿ ಸೇರಿಸಿ, ಒಂದೊಂದು ಬದಿ 10 ಮೈಲಿ ಇರೋ ಚೌಕ, ಒಟ್ಟು 100 ಚದರ ಮೈಲಿ. ಅಳತೆಯ ಹೊಣೆ ಮೇಜರ್ ಆಂಡ್ರ್ಯೂ ಎಲಿಕಾಟ್‌ಗೆ ಬಿತ್ತು. ಇವರು ಪುಸ್ತಕ ಎರವಲು ಕೊಟ್ಟ ಜಾರ್ಜ್‌ನ ಸಂಬಂಧಿ. ನಕ್ಷತ್ರ ನೋಡಿ ಲೆಕ್ಕ ಹಾಕಬಲ್ಲ ಸಹಾಯಕ ಬೇಕಿತ್ತು. 1791ರ ಫೆಬ್ರವರಿಯಲ್ಲಿ ಬ್ಯಾನೆಕರ್ ಹೊರಟರು. ವಯಸ್ಸು 59.

ಭೂಮಿ ಅಳೆಯೋಕೆ ನಕ್ಷತ್ರ ಯಾಕೆ? ಮಕ್ಕಳು ಕೇಳೇ ಕೇಳ್ತಾರೆ. ಸರಪಳಿಯಿಂದ ದೂರ ಗೊತ್ತಾಗುತ್ತೆ, ಆದರೆ ನಾವು ಭೂಗೋಳದ ಮೇಲೆ ಎಲ್ಲಿ ನಿಂತಿದ್ದೀವಿ ಅಂತ ಸರಪಳಿ ಹೇಳಲ್ಲ. ಅದನ್ನ ಆಕಾಶ ಹೇಳುತ್ತೆ. ನೀವು ಉತ್ತರಕ್ಕೆ ಹೋದ ಹಾಗೆಲ್ಲ ಧ್ರುವ ನಕ್ಷತ್ರ ಮೇಲೆ ಏರುತ್ತೆ, ದಕ್ಷಿಣಕ್ಕೆ ಬಂದ ಹಾಗೆ ಕೆಳಗೆ ಇಳಿಯುತ್ತೆ. ಹಾಗೇ ನಿಮ್ಮ ನೆತ್ತಿಯ ಮೇಲೆ ಹಾದುಹೋಗೋ ನಕ್ಷತ್ರಗಳೂ ಬದಲಾಗ್ತವೆ. ಜೆನಿತ್ ಸೆಕ್ಟರ್ ಅಂತ ಒಂದು ದೊಡ್ಡ ದುರ್ಬೀನು ಇತ್ತು, ನೆಟ್ಟಗೆ ಮೇಲಕ್ಕೇ ನೋಡುತ್ತಾ ನಿಂತಿರೋದು. ಅದರ ಕೆಳಗೆ ಅಂಗಾತ ಮಲಗಿ, ಒಂದೊಂದು ನಕ್ಷತ್ರ ನೆತ್ತಿಯಿಂದ ಎಷ್ಟು ಆಚೀಚೆ ಹಾದುಹೋಯ್ತು, ಯಾವ ಗಳಿಗೆಯಲ್ಲಿ ಹಾದುಹೋಯ್ತು ಅಂತ ಬರೆದುಕೊಳ್ಳಬೇಕು. ರಾತ್ರಿ ರಾತ್ರಿ ಬರೆದದ್ದನ್ನೆಲ್ಲ ಕೂಡಿ ಲೆಕ್ಕ ಹಾಕಿದರೆ ಅಕ್ಷಾಂಶ ಸಿಗುತ್ತೆ.

ಗಳಿಗೆ ಸರಿಯಾಗಿರಬೇಕಾದ್ರೆ ಗಡಿಯಾರ ಸರಿಯಾಗಿರಬೇಕು. ಚಳಿ ಬಿಸಿಲಿಗೆ ಲೋಹ ಕುಗ್ಗುತ್ತೆ, ಹಿಗ್ಗುತ್ತೆ, ಗಡಿಯಾರ ಹಿಂದೆ ಮುಂದೆ ಆಗುತ್ತೆ. ಡೇರೆಯೊಳಗಿನ ಆ ನಾಜೂಕು ಗಡಿಯಾರವನ್ನ ನೋಡಿಕೊಳ್ಳೋದು, ಸೂರ್ಯನನ್ನ ನೋಡಿ ಅದನ್ನ ತಾಳೆ ಹಾಕೋದು, ರಾತ್ರಿ ನಕ್ಷತ್ರಗಳ ಲೆಕ್ಕ ಇಡೋದು. ಇದು ಬ್ಯಾನೆಕರ್ ಕೆಲಸ. ಮರದಲ್ಲಿ ಗಡಿಯಾರ ಕೆತ್ತಿದ ಕೈ ಇಲ್ಲಿ ಕೆಲಸಕ್ಕೆ ಬಂತು.

ಮಾರ್ಚ್‌ನಲ್ಲಿ ಜಾರ್ಜ್‌ಟೌನಿನ ಪತ್ರಿಕೆಯೊಂದು ಎಲಿಕಾಟ್ ಜೊತೆ ಬ್ಯಾನೆಕರ್ ಬಂದ ಸುದ್ದಿ ಹಾಕಿತು. ಕಪ್ಪು ಜನರಿಗೆ ಬುದ್ಧಿ ಇಲ್ಲ ಅನ್ನೋ ಜೆಫರ್ಸನ್ ಮಾತಿಗೆ ಬುಡವಿಲ್ಲ ಅಂತ ಈ ಮನುಷ್ಯನ ಸಾಮರ್ಥ್ಯವೇ ತೋರಿಸುತ್ತೆ ಅಂತಲೂ ಬರೆಯಿತು.

ಊಟದ ವಿಷಯ ಒಂದಿದೆ. ಎಲಿಕಾಟ್ ಮನೆತನದವರು ಆಮೇಲೆ ಬರೆದಿಟ್ಟ ನೆನಪಿನ ಪ್ರಕಾರ, ತಂಡದ ದೊಡ್ಡವರು ತಮ್ಮ ಜೊತೆ ಊಟಕ್ಕೆ ಕೂರು ಅಂತ ಕರೆದರಂತೆ, ಬ್ಯಾನೆಕರ್ ಬೇಡ ಅಂದರಂತೆ, ಅದಕ್ಕೆ ಅವರಿಗೆ ಅಲ್ಲೇ ಬೇರೆ ಮೇಜು ಹಾಕಿದರಂತೆ. ‘ಅವರೇ ಬೇಡ ಅಂದ್ರು’ ಅನ್ನೋ ಮಾತನ್ನ ನಾವು ಎಷ್ಟು ಊರಿನಲ್ಲಿ ಕೇಳಿಲ್ಲ! ಬೇಡ ಅಂದವನ ಬಾಯಲ್ಲಿ ಈ ಕಥೆ ನಮಗೆ ಸಿಕ್ಕಿಲ್ಲ, ಅಷ್ಟು ಮಾತ್ರ ಹೇಳ್ತೀನಿ.

1791ರ ಏಪ್ರಿಲ್ 15ರಂದು ಜೋನ್ಸ್ ಪಾಯಿಂಟ್‌ನಲ್ಲಿ ಮೊದಲ ಬಾಂದುಕಲ್ಲು ನೆಟ್ಟರು. ಮೈಲಿಗೊಂದರಂತೆ ಒಟ್ಟು 40 ಕಲ್ಲು. ಅವುಗಳಲ್ಲಿ ಬಹುಪಾಲು ಇವತ್ತಿಗೂ ಉಳಿದಿವೆ, ಒಂದಕ್ಕೆ ಬ್ಯಾನೆಕರ್ ಹೆಸರನ್ನೇ ಇಟ್ಟಿದ್ದಾರೆ. ಏಪ್ರಿಲ್ ಕೊನೆಯ ಹೊತ್ತಿಗೆ ಬ್ಯಾನೆಕರ್ ಊರಿಗೆ ವಾಪಸ್ಸಾದರು. ಚಳಿಯಲ್ಲಿ ರಾತ್ರಿ ನಿದ್ದೆಗೆಟ್ಟ ಕೆಲಸ, ವಯಸ್ಸೂ ಆಗಿತ್ತು, ಹೊಲದ ಕೆಲಸವೂ ಕಾದಿತ್ತು.

*ಹಾಗಾದ್ರೆ ಆ ನಕ್ಷೆ?*

ನಗರದ ರಸ್ತೆಗಳ ನಕ್ಷೆ ಬರೆದದ್ದು ಪಿಯರ್ ಲಾಂಫಾಂ ಎಂಬ ಫ್ರೆಂಚ್ ಎಂಜಿನಿಯರ್. ಮೇಲಿನವರ ಜೊತೆ ಹೊಂದಾಣಿಕೆ ಆಗದೆ 1792ರ ಫೆಬ್ರವರಿಯಲ್ಲಿ ಅವನ ಕೆಲಸ ಹೋಯ್ತು. ನಕ್ಷೆಯನ್ನ ತಿದ್ದಿ ಮುಗಿಸಿದ್ದು ಆಂಡ್ರ್ಯೂ ಎಲಿಕಾಟ್, ಜೊತೆಗೆ ಅವರ ತಮ್ಮ. ಆ ತಮ್ಮನ ಹೆಸರೂ ಬೆಂಜಮಿನ್ನೇ, ಬೆಂಜಮಿನ್ ಎಲಿಕಾಟ್. ಆ ಹೊತ್ತಿಗೆ ನಮ್ಮ ಬೆಂಜಮಿನ್ ಊರು ಸೇರಿ ಹತ್ತು ತಿಂಗಳಾಗಿತ್ತು.

ಎರಡು ದಿನದ ಪವಾಡದ ಕಥೆ ಹೇಳಬೇಡಿ ಅಂತ ನಾನು ಯಾಕೆ ಹಟ ಮಾಡ್ತೀನಿ ಗೊತ್ತಾ? ನಮ್ಮ ಮಗು ದೊಡ್ಡವನಾಗಿ ಕಾಲೇಜಿಗೆ ಹೋದಾಗ ಯಾರೋ ಒಬ್ಬ ‘ಅದು ಸುಳ್ಳು’ ಅಂತ ಪುಸ್ತಕ ತೆಗೆದು ತೋರಿಸ್ತಾನೆ. ಆಗ ಆ ಮಗುವಿಗೆ ಬ್ಯಾನೆಕರೇ ಸುಳ್ಳು ಅನ್ನಿಸುತ್ತೆ, ನಾವು ಹೇಳಿದ ಬೇರೆ ಚರಿತ್ರೆಯೂ ಸುಳ್ಳು ಅನ್ನಿಸುತ್ತೆ. ಇನ್ನೊಂದು, ಪವಾಡ ಕೇಳಿದ ಮಗು ‘ನನ್ನ ಕೈಲಿ ಆಗಲ್ಲ’ ಅಂದುಕೊಳ್ಳುತ್ತೆ. ಎರವಲು ಪುಸ್ತಕ, ರಾತ್ರಿಯ ಓದು, ತಪ್ಪಿಲ್ಲದ ಲೆಕ್ಕ ಅಂದ್ರೆ ‘ನಾನೂ ಮಾಡಬಹುದು’ ಅನ್ನುತ್ತೆ.

*ಪಂಚಾಂಗ ಬರೆದ ರೈತ*

ಊರಿಗೆ ಬಂದ ಬ್ಯಾನೆಕರ್ 1792ನೇ ಇಸವಿಯ ಅಲ್ಮನ್ಯಾಕ್ ಸಿದ್ಧ ಮಾಡಿದರು. ಅಲ್ಮನ್ಯಾಕ್ ಅಂದ್ರೆ ನಮ್ಮ ಪಂಚಾಂಗದ ಥರದ್ದು. ಸೂರ್ಯ ಹುಟ್ಟೋ ಹೊತ್ತು, ಮುಳುಗೋ ಹೊತ್ತು, ಹುಣ್ಣಿಮೆ, ಅಮಾವಾಸ್ಯೆ, ಗ್ರಹಣ, ಎಲ್ಲವೂ ಅದರಲ್ಲಿ. ರೈತರು, ನಾವಿಕರು ಮನೆಮನೆಗೆ ಕೊಳ್ತಿದ್ದ ಪುಸ್ತಕ. ನಮ್ಮಲ್ಲಿ ಪಂಚಾಂಗ ಯಾರ ಕೈಯಲ್ಲಿತ್ತು, ಯಾರು ಮುಟ್ಟಬಾರದಿತ್ತು ಅಂತ ನೆನಪಿಟ್ಟುಕೊಂಡು ಇದನ್ನ ಓದಿ.

ಆಗಿನ ದೊಡ್ಡ ಖಗೋಳ ವಿಜ್ಞಾನಿ ಡೇವಿಡ್ ರಿಟೆನ್‌ಹೌಸ್ ಆ ಲೆಕ್ಕ ನೋಡಿ ಮೆಚ್ಚಿದರು. ಮೆಚ್ಚುವಾಗಲೂ ಬರೆದವನ ಬಣ್ಣವನ್ನ ಎತ್ತಿ ಹೇಳಿದರು. ‘ಎಸ್ಸಿ ಆದ್ರೂ ಬುದ್ಧಿವಂತ’ ಅಂತ ಆಫೀಸಿನಲ್ಲಿ ಕೇಳಿಸಿಕೊಂಡಿರೋ ನಮಗೆ ಆ ಮೆಚ್ಚುಗೆಯ ರುಚಿ ಗೊತ್ತು.

1791ರ ಆಗಸ್ಟ್ 19ರಂದು ಬ್ಯಾನೆಕರ್ ಆ ಹಸ್ತಪ್ರತಿಯ ಜೊತೆ ಜೆಫರ್ಸನ್‌ಗೆ ಒಂದು ಕಾಗದ ಬರೆದರು. ಜೆಫರ್ಸನ್ ಆಗ ವಿದೇಶಾಂಗ ಮಂತ್ರಿ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು ಅಂತ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದವನು. ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನ ಗುಲಾಮರಾಗಿ ಇಟ್ಟುಕೊಂಡವನೂ ಅವನೇ. ಬ್ಯಾನೆಕರ್ ಕಾಗದದ ಭಾಷೆ ತುಂಬಾ ಮರ್ಯಾದೆಯದು, ಆದರೆ ಮಾತು ನೇರ. ಬ್ರಿಟಿಷರ ಕೆಳಗೆ ನೀವು ಅನುಭವಿಸಿದ ದಾಸ್ಯವನ್ನ ನೆನಪು ಮಾಡಿಕೊಳ್ಳಿ, ಅವತ್ತು ನೀವೇ ಬರೆದ ಮಾತನ್ನ ನೆನಪು ಮಾಡಿಕೊಳ್ಳಿ, ಅದೇ ನೀವು ಮೋಸದಿಂದ, ಬಲಾತ್ಕಾರದಿಂದ ನನ್ನ ಅಣ್ಣತಮ್ಮಂದಿರನ್ನ ಬಂಧನದಲ್ಲಿ ಇಟ್ಟಿದ್ದೀರಿ ಅನ್ನೋದು ಅದರ ಸಾರ. ಸೈನ್ಯ ಇಲ್ಲ, ಸಂಘಟನೆ ಇಲ್ಲ, ರಕ್ಷಣೆಗೆ ಕಾನೂನೂ ಸರಿಯಾಗಿಲ್ಲ. ಅಂಥ ಕಡೆ ಒಬ್ಬ ಕಪ್ಪು ರೈತ ದೇಶದ ಮಂತ್ರಿಗೆ ಇದನ್ನ ಸಹಿ ಹಾಕಿ ಕಳಿಸಿದರು.

ಜೆಫರ್ಸನ್ 11 ದಿನಕ್ಕೆ ಉತ್ತರ ಬರೆದ. ಸಭ್ಯವಾದ, ಚಿಕ್ಕ ಉತ್ತರ. ಅಲ್ಮನ್ಯಾಕನ್ನ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಕಾಂಡೋರ್ಸೆಗೆ ಕಳಿಸಿದ್ದೀನಿ ಅಂದ. ಗುಲಾಮರ ಬಿಡುಗಡೆಯ ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ. ಬ್ಯಾನೆಕರ್ ಅಲ್ಮನ್ಯಾಕ್‌ಗಳು 1792ರಿಂದ 1797ರವರೆಗೆ ಆರು ವರ್ಷ, ಬೇರೆ ಬೇರೆ ಊರುಗಳಲ್ಲಿ ಕನಿಷ್ಠ 28 ಆವೃತ್ತಿ ಅಚ್ಚಾದವು. ಈ ಎರಡು ಕಾಗದಗಳೂ ಅಚ್ಚಾಗಿ ಜನರ ಕೈ ಸೇರಿದವು.

1809ರಲ್ಲಿ, ಬ್ಯಾನೆಕರ್ ತೀರಿಕೊಂಡ ಮೇಲೆ, ಜೆಫರ್ಸನ್ ಗೆಳೆಯ ಜೋಯೆಲ್ ಬಾರ್ಲೋಗೆ ಬರೆದ ಕಾಗದದಲ್ಲಿ ಅವನ ಒಳಗಿನ ಮಾತು ಹೊರಗೆ ಬಂತು. ಆ ಮನುಷ್ಯನದು ತೀರಾ ಸಾಧಾರಣ ಬುದ್ಧಿ, ಲೆಕ್ಕಕ್ಕೆ ಎಲಿಕಾಟ್ ಸಹಾಯ ಮಾಡಿರಬಹುದು ಅನ್ನೋ ಅನುಮಾನ ಇತ್ತು ಅಂತ ಬರೆದ. 28 ಆವೃತ್ತಿ ಕಣ್ಣ ಮುಂದಿದ್ದೂ ಈ ಮಾತು. ನಮ್ಮ ಮಕ್ಕಳು ಪರೀಕ್ಷೆ ಪಾಸಾದಾಗ ಬರೋ ಅನುಮಾನವೂ ಇದೇ ಜಾತಿಯದ್ದು.

*ಸುಟ್ಟದ್ದು, ಉಳಿದದ್ದು*

ಬ್ಯಾನೆಕರ್ ತೀರಿಕೊಂಡದ್ದು 1806ರ ಅಕ್ಟೋಬರ್‌ನಲ್ಲಿ. ಮದುವೆ ಆಗಿರಲಿಲ್ಲ. ಮಣ್ಣು ಮಾಡಿದ ದಿನವೇ ಅವರ ಮರದ ಮನೆಗೆ ಬೆಂಕಿ ಬಿತ್ತು. ಆ ಮರದ ಗಡಿಯಾರ, ಒಳಗಿದ್ದ ಕಾಗದಪತ್ರ ಎಲ್ಲ ಸುಟ್ಟುಹೋದವು.

ಆದರೆ ಒಂದು ಉಳಿಯಿತು. ಎರವಲು ತಂದದ್ದನ್ನ ಜಾರ್ಜ್ ಎಲಿಕಾಟ್‌ಗೆ ವಾಪಸ್ ಕೊಡಿ ಅಂತ ಬ್ಯಾನೆಕರ್ ಮನೆಯವರಿಗೆ ಮೊದಲೇ ಹೇಳಿದ್ದರು. ಅವರು ಪುಸ್ತಕ, ಉಪಕರಣಗಳ ಜೊತೆ ಬ್ಯಾನೆಕರ್ ಕೈಬರಹದ ಖಗೋಳ ಲೆಕ್ಕದ ಪುಸ್ತಕವನ್ನೂ ಬೆಂಕಿ ಬೀಳೋ ಮೊದಲೇ ತಲುಪಿಸಿದ್ದರು. ಇವತ್ತು ನಾವು ಇಷ್ಟು ಖಚಿತವಾಗಿ ಮಾತಾಡೋಕೆ ಆಗೋದು ಆ ಪುಸ್ತಕ ಉಳಿದದ್ದರಿಂದ. ಜೆಫರ್ಸನ್ ಅನುಮಾನಕ್ಕೂ ಉತ್ತರ ಅದರಲ್ಲೇ ಇದೆ, ಬ್ಯಾನೆಕರ್ ಅವರದೇ ಅಕ್ಷರದಲ್ಲಿ.

ಆ ಚೌಕದೊಳಗೆ ಏನಾಯ್ತು ಅನ್ನೋದನ್ನೂ ಮಕ್ಕಳಿಗೆ ಹೇಳಿ, ಮುಚ್ಚಿಡಬೇಡಿ. ಅಲ್ಲಿ ಮೊದಲು ಇದ್ದವರು ನಕೋಚ್‌ಟ್ಯಾಂಕ್ ಎಂಬ ಮೂಲನಿವಾಸಿಗಳು. ಅವರ ಗುರುತು ಈಗ ಅನಕೋಸ್ಟಿಯಾ ನದಿಯ ಹೆಸರಿನಲ್ಲಿ ಉಳಿದಿದೆ. ಅಧ್ಯಕ್ಷರ ಮನೆ, ಸಂಸತ್ ಭವನ ಕಟ್ಟೋಕೆ ಗುಲಾಮರನ್ನ ಬಾಡಿಗೆಗೆ ತಂದರು, ಕೂಲಿ ಹೋದದ್ದು ಅವರ ಒಡೆಯರ ಜೇಬಿಗೆ. ಬ್ಯಾನೆಕರ್ ನಕ್ಷತ್ರ ನೋಡಿ ಗಡಿ ಗುರುತು ಹಾಕೋಕೆ ನೆರವಾದ ಆ ರಾಜಧಾನಿಯಲ್ಲಿ ಗುಲಾಮಗಿರಿ ನಿಂತದ್ದು 1862ರ ಏಪ್ರಿಲ್ 16ರಂದು. ಮೊದಲ ಕಲ್ಲು ನೆಟ್ಟು 71 ವರ್ಷ ಆದ ಮೇಲೆ.

ಈ ಕಥೆ ಹೇಳಿ ಮುಗಿಸಿದ ಮೇಲೆ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ. ನಿಮ್ಮೂರಿನ ಒಂದು ಬಾಂದುಕಲ್ಲು ತೋರಿಸಿ. ಹಗ್ಗಕ್ಕೆ 33 ಅಡಿ ಗುರುತು ಹಾಕಿ ಅವರ ಕೈಯಿಂದಲೇ ಒಂದು ಗುಂಟೆ ಅಳೆಸಿ. ಆಮೇಲೆ ಆ ಹೊಲದ ಪಹಣಿ ಯಾರ ಹೆಸರಿನಲ್ಲಿದೆ, ನಿಮ್ಮ ಮನೆಯಲ್ಲಿ ಯಾರ ಹೆಸರಿಗೆ ಎಷ್ಟು ಗುಂಟೆ ಇದೆ ಅಂತ ಮನೆಗೆ ಹೋಗಿ ಕೇಳಿ ಬರೋಕೆ ಹೇಳಿ. ಮುಂದಿನ ವಾರದ ಪಾಠ ಆ ಉತ್ತರಗಳಿಂದಲೇ ಶುರುವಾಗಲಿ.

ಜೈ ಭೀಮ್.